ಫೋಟೋ ಇದೆಯಲ್ಲ, ಮತ್ತೆ ಇಷ್ಟುದ್ದ ಬರೆಯೋದ್ಯಾಕೆ?

ಹಾಸನದಲ್ಲಿ ಪರಿಚಯದವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಇದು. 'ನೀವು ಹಾಕೋ ಫೋಟೋನೇ ಎಲ್ಲ ಹೇಳುತ್ತೆ, ಕೆಳಗೆ ಅಷ್ಟುದ್ದ ಯಾಕೆ ಕೊರೀತೀರಿ ಸಾರ್?' ಮನಸ್ಸು ಕಲಕೋದರಲ್ಲಿ ಚಿತ್ರವೇ ಮುಂದು, ಒಪ್ಪಿದೆ. ವಾದಕ್ಕೆ ನಿಂತರೆ ಮಾತ್ರ ಅದು ಅರ್ಧ ದಾರಿಯಲ್ಲೇ ಕೈಕೊಡುತ್ತದೆ.

ಸಕಲೇಶಪುರದ ಕಡೆ ತೆಗೆದ ಒಂದು ಫೋಟೋ ಇದೆ. ಕೊಯ್ಲಿಗೆ ಬಂದ ಗದ್ದೆ, ನಡುವೆ ಒಂಟಿ ಸಲಗ, ಅದು ನಡೆದು ಬಂದ ಉದ್ದಕ್ಕೂ ಮಲಗಿದ ಭತ್ತ, ಹಿಂದೆ ಕಾಫಿ ತೋಟದ ಬೇಲಿ. ಬೆಳೆಗಾರರೊಬ್ಬರು ನೋಡಿ, 'ಇದಕ್ಕೇ ಹೇಳೋದು, ಆನೆ ಹಿಡಿದು ಸಾಗಿಸಿ ಅಂತ' ಅಂದರು. ಬೆಂಗಳೂರಿನ ಗೆಳತಿ ಅದನ್ನೇ ನೋಡಿ, 'ಪಾಪ, ಅದರ ಕಾಡನ್ನೆಲ್ಲ ತೋಟ ಮಾಡಿಬಿಟ್ರಲ್ಲ' ಅಂದಳು. ಫೋಟೋ ಇಬ್ಬರಿಗೂ ತಲೆಯಾಡಿಸಿತು! ಗದ್ದೆಯವರಿಗೆ ಪರಿಹಾರ ಬಂತಾ, ಆನೆ ಯಾವ ಕಡೆಯಿಂದ ಇಳಿಯಿತು, ಮೊದಲು ಅಲ್ಲಿ ಏನಿತ್ತು, ಇದ್ಯಾವುದೂ ಅದರಲ್ಲಿಲ್ಲ.

ಹಾಗಾದರೆ ಶ್ರವಣಬೆಳಗೊಳದ ಗೊಮ್ಮಟ? ಕೇಳಿಯೇ ಕೇಳುತ್ತೀರಿ. ಕಾಲಿನಿಂದ ತೋಳಿನವರೆಗೂ ಹಬ್ಬಿದ ಬಳ್ಳಿ, ಪಕ್ಕದ ಹುತ್ತದಿಂದ ಇಣುಕುವ ಹಾವುಗಳು. ಎಷ್ಟು ಕಾಲದಿಂದ ಅಲುಗಾಡದೆ ನಿಂತಿದ್ದಾನೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತ್ಯಾಗದ ಬಗ್ಗೆ ಗಂಟೆಗಟ್ಟಲೆ ಪ್ರವಚನ ಕೇಳಿದರೂ ಇಷ್ಟು ನಾಟುವುದಿಲ್ಲ. ಆದರೆ ಅಣ್ಣನನ್ನು ಸೋಲಿಸಿದವನು ಗೆದ್ದ ರಾಜ್ಯವನ್ನೇ ಬಿಟ್ಟು ಹೊರಟ ಅನ್ನೋ ಕಥೆ ಗೊತ್ತಿರಬೇಕು ಅಲ್ವಾ? ಮಾಡಿಸಿದವನು ಚಾವುಂಡರಾಯ ಅನ್ನೋದನ್ನಂತೂ ಅಷ್ಟೆತ್ತರದ ಕಲ್ಲಿಗೂ ಹೇಳೋಕಾಗಲಿಲ್ಲ. ಪಾದದ ಬಳಿ ಅಕ್ಷರದಲ್ಲೇ ಕೆತ್ತಬೇಕಾಯಿತು, ಅದೂ ಕನ್ನಡ, ತಮಿಳು, ಮರಾಠಿ ಮೂರರಲ್ಲಿ.

ಸಿಗರೇಟ್ ಪ್ಯಾಕನ್ನೇ ನೋಡಿ. 2016ರಿಂದ ನಮ್ಮ ದೇಶದಲ್ಲಿ ಪ್ಯಾಕಿನ ಶೇ. 85ರಷ್ಟು ಜಾಗ ಎಚ್ಚರಿಕೆಗೆ ಮೀಸಲು, ಶೇ. 60 ಚಿತ್ರಕ್ಕೆ, ಶೇ. 25 ಬರಹಕ್ಕೆ. ಆ ಹುಣ್ಣು ಕಂಡರೆ ಹೊಟ್ಟೆ ತೊಳಸುತ್ತದೆ ನಿಜ, ಆದರೆ ಅದು ತಂಬಾಕಿನಿಂದ ಬಂದದ್ದು ಅಂತ ಹೇಳೋದು ಉಳಿದ ಶೇ. 25. (ಗೂಡಂಗಡಿಯಲ್ಲಿ ಬಿಡಿ ಸಿಗರೇಟ್ ಕೊಳ್ಳುವವರಿಗೆ ಎರಡೂ ಕಾಣುವುದಿಲ್ಲ, ಅದು ಬೇರೆ ಕಥೆ.)

ಸುಳ್ಳು ಹಬ್ಬೋದೂ ಹೀಗೆಯೇ. ಫೋಟೋ ಅಸಲಿಯೇ ಇರುತ್ತದೆ, ಯಾವುದೋ ಊರಿನ ಹಳೇ ಆನೆ ಫೋಟೋಗೆ ಯಾರೋ 'ನಿನ್ನೆ ಆಲೂರಿನಲ್ಲಿ' ಅಂತ ಒಂದು ಸಾಲು ಹಾಕಿದರೆ ಸಾಕು, ಫೋಟೋ ಎದ್ದು ಅಲ್ಲ ಅನ್ನೋದಿಲ್ಲ. ಅದಕ್ಕೇ ಊರು, ದಿನ, ಆಚೀಚೆ ನಡೆದದ್ದು ಎಲ್ಲ ಸೇರಿಸಿ ಬರೆಯುತ್ತೇನೆ. ಜಾಸ್ತಿಯಾಯಿತು ಅನ್ನಿಸಿದರೆ ಸುಮ್ನೆ ಫೋಟೋ ನೋಡಿ ಮುಂದೆ ಹೋಗಿ, ಬೇಜಾರಿಲ್ಲ. ವಾಟ್ಸಾಪ್‌ನಲ್ಲಿ ಕಳಿಸುವಾಗ ಮಾತ್ರ ಕೆಳಗಿನ ಬರಹ ಕತ್ತರಿಸಬೇಡಿ ಮಾರಾಯ್ರೆ.