ಗಣಿತದಲ್ಲಿ ಬರುವ ಮೊದಲೇ ಭೌತಶಾಸ್ತ್ರದಲ್ಲಿ ಕ್ಯಾಲ್ಕುಲಸ್ ಕಲಿಸುವುದು ಹೇಗೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಪ್ರಥಮ ಪಿಯುಸಿಗೆ ಭೌತಶಾಸ್ತ್ರ ಪಾಠ ಮಾಡುವವರು, ಅದರಲ್ಲೂ ಹೊಸದಾಗಿ ಕೆಲಸಕ್ಕೆ ಸೇರಿದ ಉಪನ್ಯಾಸಕರು, ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಸರ್, ಎರಡನೇ ಅಧ್ಯಾಯಕ್ಕೇ ನಾವು ಡಿಎಕ್ಸ್ ಬೈ ಡಿಟಿ (ಕಾಲದೊಂದಿಗೆ ಸ್ಥಾನ ಬದಲಾಗುವ ದರ) ಎಂದು ಬರೆಯಬೇಕು. ಗಣಿತದವರು ಅದನ್ನು ಮುಟ್ಟುವುದು ವರ್ಷದ ಕೊನೆಗೆ. ಇಂಟಿಗ್ರೇಷನ್ (ಚಿಕ್ಕ ಚಿಕ್ಕ ಪಾಲುಗಳನ್ನು ಕೂಡುವ ಲೆಕ್ಕ) ಅಂತೂ ಮುಂದಿನ ವರ್ಷದ ಮಾತು. ಹೀಗಿರುವಾಗ ಮೆಕ್ಯಾನಿಕ್ಸ್ (ಚಲನೆ ಮತ್ತು ಬಲಗಳ ಪಾಠ) ಅನ್ನು ಕ್ಯಾಲ್ಕುಲಸ್ (ಈ ಎರಡೂ ಸೇರಿದ ಗಣಿತ) ಸಮೇತ ಕಲಿಸುವುದು ಹೇಗೆ? ಅದರ ಜೊತೆಗೆ ಪ್ರಾಕ್ಟಿಕಲ್ಸ್‌ಗೆ ಸಮಯ ಹೊಂದಿಸುವುದು ಹೇಗೆ?" ಕೇಳುವವರು ಇವನ್ನು ಎರಡು ಬೇರೆ ಬೇರೆ ತೊಂದರೆಗಳೆಂದು ಎಣಿಸಿರುತ್ತಾರೆ. ಕ್ಯಾಲ್ಕುಲಸ್‌ನ ಮೊದಲ ಪರಿಚಯವನ್ನು ಪ್ರಯೋಗಾಲಯದಲ್ಲೇ ಮಾಡಿಸಿದರೆ ಎರಡೂ ಒಟ್ಟಿಗೆ ಬಗೆಹರಿಯುತ್ತವೆ ಎಂಬುದು ನನ್ನ ಉತ್ತರ. ಆದರೆ ಹಾಗೆ ಮಾಡಲು ಪಾಠದ ಕ್ರಮವನ್ನೂ ಪ್ರಯೋಗಗಳ ಕ್ರಮವನ್ನೂ ಜೂನ್ ತಿಂಗಳಲ್ಲೇ ಒಟ್ಟಿಗೆ ಕುಳಿತು ಜೋಡಿಸಬೇಕಾಗುತ್ತದೆ.

ಮೊದಲು ತೊಂದರೆಯ ಸ್ವರೂಪವನ್ನು ಹೇಳುತ್ತೇನೆ. ನಾವು ಬಳಸುವ ಎನ್‌ಸಿಇಆರ್‌ಟಿ ಪಠ್ಯಕ್ರಮದಲ್ಲಿ ಸರಳರೇಖೆಯ ಚಲನೆ ಎರಡನೇ ಅಧ್ಯಾಯ. ಕ್ಷಣದ ವೇಗ, ಕ್ಷಣದ ವೇಗೋತ್ಕರ್ಷ ಎರಡೂ ಅಲ್ಲೇ ಬರುತ್ತವೆ. ಹನ್ನೊಂದನೇ ತರಗತಿಯ ಗಣಿತದಲ್ಲಾದರೋ ಲಿಮಿಟ್ (ಒಂದು ಸಾಲಿನ ಬೆಲೆಗಳು ಸಮೀಪಿಸುವ ಬೆಲೆ) ಮತ್ತು ಡೆರಿವೇಟಿವ್ (ಬದಲಾವಣೆಯ ದರ) ಕೊನೆಯ ಅಧ್ಯಾಯಗಳ ಸಾಲಿನಲ್ಲಿವೆ. ಇಂಟಿಗ್ರಲ್‌ಗಳು ಹನ್ನೆರಡನೇ ತರಗತಿಗೆ ಸೇರಿವೆ. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಕ್ಯಾಲ್ಕುಲಸ್‌ನ ಸುಳಿವೇ ಇರುವುದಿಲ್ಲ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಅದೇ ತಿಂಗಳು ಪಾಠದ ಭಾಷೆಯೂ ಬದಲಾಗಿರುತ್ತದೆ ಎಂಬುದನ್ನು ನಾವು ಮರೆಯುವಂತಿಲ್ಲ. ಕೆಲವರು ಅಮೆರಿಕದ ಹೈಸ್ಕೂಲುಗಳಲ್ಲಿ ನಡೆಯುವ ಎಪಿ ಫಿಸಿಕ್ಸ್ ಸಿ ಮೆಕ್ಯಾನಿಕ್ಸ್ ಎಂಬ ಕಾಲೇಜು ಮಟ್ಟದ ಕೋರ್ಸನ್ನು ಮಾದರಿಯಾಗಿ ತೋರಿಸುತ್ತಾರೆ. ಅಲ್ಲಿ ವಿದ್ಯಾರ್ಥಿ ಕ್ಯಾಲ್ಕುಲಸ್ ಅನ್ನು ಮೊದಲೇ ಕಲಿತಿರಬೇಕು ಅಥವಾ ಜೊತೆಯಲ್ಲೇ ಕಲಿಯುತ್ತಿರಬೇಕು ಎಂಬ ಸೂಚನೆಯಿದೆ. ಬೋಧನೆಯ ಕಾಲುಭಾಗದಷ್ಟು ಸಮಯ ಪ್ರಯೋಗಗಳಿಗೆ ಹೋಗಬೇಕೆಂಬ ನಿರೀಕ್ಷೆಯೂ ಇದೆ. ಮೊದಲನೆಯ ಅನುಕೂಲ ನಮಗಿಲ್ಲ. ಎರಡನೆಯದನ್ನು ಮಾತ್ರ ನಾವು ಧಾರಾಳವಾಗಿ ಎರವಲು ಪಡೆಯಬಹುದು.

ಸಾಮಾನ್ಯವಾಗಿ ಕಾಲೇಜುಗಳಲ್ಲಿ ನಡೆಯುವುದು ಎರಡರಲ್ಲಿ ಒಂದು. ವರ್ಷದ ಆರಂಭದಲ್ಲೇ ಗಣಿತದ ಪರಿಕರಗಳು ಎಂದು ಹೆಸರಿಟ್ಟು ಡಿಫರೆನ್ಷಿಯೇಷನ್, ಇಂಟಿಗ್ರೇಷನ್ ಸೂತ್ರಗಳನ್ನು ಬೋರ್ಡಿನ ಮೇಲೆ ತುಂಬಿ ಬಾಯಿಪಾಠ ಮಾಡಿಸುವುದು ಒಂದು ದಾರಿ. ಮಕ್ಕಳು ಎಕ್ಸ್ ವರ್ಗದ ಡೆರಿವೇಟಿವ್ ಎರಡು ಎಕ್ಸ್ ಎಂದು ತಪ್ಪಿಲ್ಲದೆ ಹೇಳುತ್ತಾರೆ, ಅದು ಯಾವುದರ ಅಳತೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. "ಇದನ್ನು ಮುಂದೆ ಗಣಿತದಲ್ಲಿ ಕಲಿಯುತ್ತೀರಿ" ಎಂದು ಮುಂದಕ್ಕೆ ಸಾಗುವುದು ಇನ್ನೊಂದು ದಾರಿ. ಅದರಲ್ಲಿ ಚಲನೆಯ ಮೂರು ಸಮೀಕರಣಗಳೇ ಮೆಕ್ಯಾನಿಕ್ಸ್ ಆಗಿಬಿಡುತ್ತವೆ, ವೇಗೋತ್ಕರ್ಷ ಸ್ಥಿರವಾಗಿಲ್ಲದ ಕಡೆಗೂ ಮಕ್ಕಳು ಅವನ್ನೇ ಹಚ್ಚುತ್ತಾರೆ. ಎರಡರಲ್ಲಿ ಮೊದಲನೆಯದೇ ಹೆಚ್ಚು ಹಾನಿಕರವೆಂದು ನನ್ನ ಅಭಿಪ್ರಾಯ, ಏಕೆಂದರೆ ಅದು ಕಲಿತೆವೆಂಬ ಭ್ರಮೆಯನ್ನು ಹುಟ್ಟಿಸುತ್ತದೆ.

ನಾನು ಆರಂಭಿಸುವುದು 1638ರಲ್ಲಿ ಪ್ರಕಟವಾದ ಗೆಲಿಲಿಯೋನ ಪುಸ್ತಕದಲ್ಲಿ ವರ್ಣನೆಯಾಗಿರುವ ಇಳಿಜಾರಿನ ಪ್ರಯೋಗದಿಂದ. ಅವನಿಗೆ ಕಾಲವನ್ನು ಅಳೆಯಲು ಪಾತ್ರೆಯಿಂದ ಸುರಿಯುವ ನೀರನ್ನು ತೂಗಬೇಕಾಗಿತ್ತು. ನಮಗೆ ಮೊಬೈಲ್ ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಮೀಟರ್ ಉದ್ದದ ಅಲ್ಯೂಮಿನಿಯಂ ಎಲ್ ಆಂಗಲ್ ಒಂದನ್ನು ಅದರ ಮೂಲೆ ಕೆಳಗೆ ಬರುವಂತೆ ಮಲಗಿಸಿ, ಒಂದು ತುದಿಯನ್ನು ಹತ್ತು ಸೆಂಟಿಮೀಟರ್ ಎತ್ತರಿಸಿ, ಆ ಕಾಲುವೆಯಲ್ಲಿ ಗಾಜಿನ ಗೋಲಿಯನ್ನು ಬಿಟ್ಟು, ಪಕ್ಕದಿಂದ ವಿಡಿಯೊ ತೆಗೆಯುವುದು. ಸೆಕೆಂಡಿಗೆ 30 ಚಿತ್ರ ತೆಗೆಯುವ ಸಾಧಾರಣ ಮೊಬೈಲ್ ಸಾಕು. ಟ್ರ್ಯಾಕರ್ ಎಂಬ ಉಚಿತ ತಂತ್ರಾಂಶ ಇದ್ದರೆ ಚಿತ್ರದಿಂದ ಚಿತ್ರಕ್ಕೆ ಗೋಲಿಯ ಸ್ಥಾನವನ್ನು ಗುರುತಿಸುವುದು ಸುಲಭ, ಇಲ್ಲದಿದ್ದರೆ ಆಂಗಲ್‌ಗೆ ಅಂಟಿಸಿದ ಟೇಪಿನ ಗುರುತುಗಳನ್ನು ಓದಿದರಾಯಿತು. ಗೋಲಿ ಸರಿಯಾಗಿ ಉರುಳಿದರೆ ಒಂದು ಸೆಕೆಂಡಿನ ಕೊನೆಗೆ ಸುಮಾರು 13.6 ಸೆಂಟಿಮೀಟರ್, ಎರಡರ ಕೊನೆಗೆ 54.4, ಮೂರರ ಕೊನೆಗೆ 122.5 ಸೆಂಟಿಮೀಟರ್ ದೂರದಲ್ಲಿರುತ್ತದೆ. ಒಂದೊಂದು ಸೆಕೆಂಡಿನಲ್ಲಿ ಸಾಗಿದ ದೂರಗಳು ಒಂದು, ಮೂರು, ಐದು ಎಂಬ ಬೆಸಸಂಖ್ಯೆಗಳ ಅನುಪಾತದಲ್ಲಿವೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಮಕ್ಕಳ ಅಳತೆಗಳು ಇಷ್ಟು ನಿಖರವಾಗಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಈಗ ಕೇಳಬೇಕಾದ ಪ್ರಶ್ನೆ: ಸರಿಯಾಗಿ ಒಂದನೇ ಸೆಕೆಂಡಿನ ಹೊತ್ತಿಗೆ ಗೋಲಿಯ ವೇಗವೆಷ್ಟು? ಒಂದರಿಂದ ಎರಡನೇ ಸೆಕೆಂಡಿನವರೆಗಿನ ಸರಾಸರಿ ತೆಗೆದರೆ ಸೆಕೆಂಡಿಗೆ 40.8 ಸೆಂಟಿಮೀಟರ್ ಬರುತ್ತದೆ. ಒಂದರಿಂದ ಒಂದೂವರೆಯವರೆಗೆ ತೆಗೆದರೆ 34.0. ಒಂದರಿಂದ 1.1 ಸೆಕೆಂಡಿನವರೆಗೆ, ಅಂದರೆ ವಿಡಿಯೊದ ಮೂರು ಚಿತ್ರಗಳ ಅಂತರದಲ್ಲಿ, 28.6. ಅವಧಿ ಕಿರಿದಾದಂತೆ ಉತ್ತರ 27.2ರ ಕಡೆಗೆ ಇಳಿಯುತ್ತಿದೆ ಎಂದು ತರಗತಿಯ ಹಿಂದಿನ ಬೆಂಚಿನವರಿಗೂ ಕಾಣುತ್ತದೆ. ಡೆರಿವೇಟಿವ್ ಎಂದರೆ ಇಷ್ಟೇ, ಅದರ ಹೆಸರನ್ನು ಆ ದಿನ ಹೇಳಿದರೂ ಆಯಿತು, ವಾರ ಬಿಟ್ಟು ಹೇಳಿದರೂ ಆಯಿತು.

ಆದರೆ ಇಲ್ಲಿಗೆ ನಿಲ್ಲಿಸಬಾರದು. ಪ್ರಯೋಗಾಲಯದಲ್ಲಿ ಮಾತ್ರ ಕಲಿಯಬಹುದಾದ ವಿಷಯ ಇದರ ಮುಂದಿನ ಹೆಜ್ಜೆಯಲ್ಲಿದೆ. ಹಾಗಾದರೆ ಅವಧಿಯನ್ನು ಇನ್ನೂ ಕಿರಿದಾಗಿಸಿ ಒಂದೇ ಚಿತ್ರದ ಅಂತರಕ್ಕೆ ಇಳಿಸೋಣ ಎನ್ನುತ್ತಾರೆ ಮಕ್ಕಳು. ಇಳಿಸಲು ಬಿಡಬೇಕು. ಒಂದು ಚಿತ್ರದಿಂದ ಇನ್ನೊಂದಕ್ಕೆ ಗೋಲಿ ಸಾಗುವುದು ಸುಮಾರು ಒಂಬತ್ತು ಮಿಲಿಮೀಟರ್. ಅದರ ಸ್ಥಾನವನ್ನು ಓದುವುದರಲ್ಲೇ ನಾಲ್ಕೈದು ಮಿಲಿಮೀಟರ್‌ನಷ್ಟು ಹೆಚ್ಚುಕಡಿಮೆ ಆಗುತ್ತದೆ. ಒಬ್ಬನಿಗೆ ಸೆಕೆಂಡಿಗೆ 15 ಸೆಂಟಿಮೀಟರ್ ಬಂದರೆ ಪಕ್ಕದವಳಿಗೆ 40 ಬಂದಿರುತ್ತದೆ. ಅವಧಿ ದೊಡ್ಡದಾದರೆ ಕ್ಷಣದ ವೇಗ ಸಿಗುವುದಿಲ್ಲ, ಚಿಕ್ಕದಾದರೆ ಅಳತೆಯ ದೋಷ ಉತ್ತರವನ್ನೇ ನುಂಗುತ್ತದೆ. ಹೀಗಾಗಿ ಲಿಮಿಟ್ ಎಂಬುದನ್ನು ಯಾರೂ ನೇರವಾಗಿ ಅಳೆಯಲಾರರು, ಅಳತೆಗಳು ಯಾವ ಕಡೆಗೆ ಸಾಗುತ್ತಿವೆ ಎಂಬುದನ್ನು ನೋಡಿ ಅದನ್ನು ತೀರ್ಮಾನಿಸಬೇಕು. ಗ್ರಾಫ್ ಎಳೆದು ಸ್ಪರ್ಶರೇಖೆಯ ಸ್ಲೋಪ್ ತೆಗೆಯುವುದು ಏಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣವನ್ನು ನಾನು ಬೇರೆಲ್ಲೂ ಕಂಡಿಲ್ಲ. ಲೀಸ್ಟ್ ಕೌಂಟ್ (ಉಪಕರಣ ಅಳೆಯಬಲ್ಲ ಅತಿ ಚಿಕ್ಕ ಅಳತೆ), ದೋಷಗಳ ಲೆಕ್ಕ ಎಂದು ಒಣಗಿ ಬಿದ್ದಿರುವ ವಿಷಯಕ್ಕೂ ಇಲ್ಲೇ ಜೀವ ಬರುತ್ತದೆ.

ಇದೇ ಗೋಲಿ ಇನ್ನೊಂದು ಒಗಟನ್ನು ಉಳಿಸಿ ಹೋಗುತ್ತದೆ. ಎರಡು ಮೀಟರಿಗೆ ಹತ್ತು ಸೆಂಟಿಮೀಟರ್ ಎತ್ತರವೆಂದರೆ, ಘರ್ಷಣೆಯಿಲ್ಲದೆ ಜಾರುವ ವಸ್ತುವಿನ ವೇಗೋತ್ಕರ್ಷ 0.49 ಮೀಟರ್ ಪರ್ ಸೆಕೆಂಡ್ ವರ್ಗ ಆಗಬೇಕು. ಅಳತೆಯಲ್ಲಿ ಸಿಗುವುದು ಅದರ ಒಂಬತ್ತರಲ್ಲಿ ಐದು ಪಾಲು, ಸುಮಾರು 0.27. ಮಕ್ಕಳು ಕೂಡಲೇ ಘರ್ಷಣೆ ಎಂದು ಉತ್ತರಿಸುತ್ತಾರೆ. ಆ ಉತ್ತರವನ್ನು ಒಪ್ಪದೆ, ತಳ್ಳಿಹಾಕದೆ, ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಬರೆದಿಡಲು ಹೇಳುತ್ತೇನೆ. ತಿಂಗಳುಗಳ ಬಳಿಕ ತಿರುಗುವ ವಸ್ತುಗಳ ಚಲನೆಯ ಅಧ್ಯಾಯ ಬಂದಾಗ ಅದೇ ಪುಟವನ್ನು ತೆಗೆಸಿ, ತೊಂಬತ್ತು ಡಿಗ್ರಿಯ ಕಾಲುವೆಯಲ್ಲಿ ಗೋಲಿ ಎರಡು ಬದಿಗಳನ್ನು ಮುಟ್ಟಿ ಉರುಳುವುದರಿಂದ ಅದರ ಉರುಳುವ ತ್ರಿಜ್ಯ ನಿಜವಾದ ತ್ರಿಜ್ಯಕ್ಕಿಂತ ಕಡಿಮೆ, ಎರಡರ ವರ್ಗಮೂಲದಿಂದ ಭಾಗಿಸಿದಷ್ಟು, ಎಂದು ತೋರಿಸಿ, 0.49 ಮತ್ತು 0.27ರ ಅನುಪಾತದಿಂದ ಹಿಂದಕ್ಕೆ ಲೆಕ್ಕ ಹಾಕಿಸಿದರೆ, ಘನಗೋಳದ ಜಡತ್ವ ಭ್ರಾಮಕದಲ್ಲಿ (ತಿರುಗಿಸಲು ವಸ್ತು ಒಡ್ಡುವ ಪ್ರತಿರೋಧದ ಅಳತೆಯಲ್ಲಿ) ಬರುವ ಐದರಲ್ಲಿ ಎರಡು ಎಂಬ ಗುಣಾಂಕ ಅವರ ಸ್ವಂತ ಅಳತೆಯಿಂದಲೇ ಹೊರಬರುತ್ತದೆ. ಪಠ್ಯಪುಸ್ತಕದ ಪಟ್ಟಿಯಲ್ಲಿ ಅದು ಕೇವಲ ನೆನಪಿಡಬೇಕಾದ ಸಂಖ್ಯೆ. ಒಂದು ಪ್ರಯೋಗದ ಮಾಹಿತಿ ಎರಡು ಅಧ್ಯಾಯಗಳಿಗೆ ದುಡಿಯುವಂತೆ ವರ್ಷವನ್ನು ಜೋಡಿಸುವುದು ಸಾಧ್ಯ ಎಂಬುದಕ್ಕೆ ಇದನ್ನು ಉದಾಹರಣೆಯಾಗಿ ಕೊಡುತ್ತೇನೆ.

ಚಲನೆಯ ನಿಯಮಗಳಿಗೆ ಬಂದಾಗ ನಾನು ಪಾಲಿಸುವ ನಿಯಮ ಒಂದೇ: ಬೀಜಗಣಿತದಿಂದ ಮುಗಿಯುವ ಕಡೆ ಕ್ಯಾಲ್ಕುಲಸ್ ತರಬಾರದು, ಮುಗಿಯದ ಕಡೆ ಅದನ್ನು ಬಿಡಬಾರದು. ರಾಟೆಯ ಎರಡು ಬದಿಗೆ ತೂಕ ನೇತುಹಾಕಿದ ಲೆಕ್ಕಕ್ಕೆ ಕ್ಯಾಲ್ಕುಲಸ್ ಬೇಡ. ಗಾಳಿಯಲ್ಲಿ ಬೀಳುವ ಹಗುರ ವಸ್ತುವಿಗೆ ಬೇಕೇ ಬೇಕು. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಕಪ್‌ಕೇಕ್ ಕಾಗದದ ಬಟ್ಟಲುಗಳನ್ನು ತನ್ನಿ. ಒಂದು ಬಟ್ಟಲನ್ನು ಒಂದು ಮೀಟರ್ ಎತ್ತರದಿಂದಲೂ, ಒಂದರೊಳಗೊಂದು ಸೇರಿಸಿದ ನಾಲ್ಕನ್ನು ಎರಡು ಮೀಟರ್ ಎತ್ತರದಿಂದಲೂ ಏಕಕಾಲಕ್ಕೆ ಬಿಟ್ಟರೆ ಅವು ಬಹುತೇಕ ಒಟ್ಟಿಗೇ ನೆಲ ಮುಟ್ಟುತ್ತವೆ. ತೂಕ ನಾಲ್ಕುಪಟ್ಟಾದಾಗ ಕೊನೆಯ ವೇಗ (ಗಾಳಿಯ ತಡೆ ತೂಕಕ್ಕೆ ಸಮವಾದ ಮೇಲೆ ಬದಲಾಗದೆ ಉಳಿಯುವ ವೇಗ) ಎರಡು ಪಟ್ಟು ಮಾತ್ರ ಆಯಿತು. ಅಂದರೆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿದೆ. ರೆಕಾರ್ಡಿನಲ್ಲಿ ಹೇಗೂ ಇರುವ, ಗ್ಲಿಸರಿನ್ ಅಥವಾ ಹರಳೆಣ್ಣೆಯಲ್ಲಿ ಗುಂಡು ಬೀಳಿಸುವ ಪ್ರಯೋಗದಲ್ಲಿ ತಡೆ ವೇಗಕ್ಕೇ ಅನುಗುಣ. ಈ ಎರಡನ್ನೂ ಒಂದೇ ತಿಂಗಳಲ್ಲಿ ಇಟ್ಟರೆ ಹೋಲಿಕೆ ತಾನಾಗಿ ಬರುತ್ತದೆ.

ಬಟ್ಟಲಿನ ವೇಗ ಹೇಗೆ ಏರುತ್ತದೆ ಎಂಬುದನ್ನು ಕಂಡುಹಿಡಿಯಲು ಇಂಟಿಗ್ರೇಷನ್ ಬಾರದಿದ್ದರೂ ನಡೆಯುತ್ತದೆ. ಕೊನೆಯ ವೇಗ ಸೆಕೆಂಡಿಗೆ 1.5 ಮೀಟರ್ ಎಂದು ಇಟ್ಟುಕೊಳ್ಳೋಣ. ಆರಂಭದ ವೇಗೋತ್ಕರ್ಷ 9.8; 0.05 ಸೆಕೆಂಡಿನ ಮಟ್ಟಿಗೆ ಅದು ಬದಲಾಗದು ಎಂದುಕೊಂಡರೆ ವೇಗ 0.49 ಆಗುತ್ತದೆ. ಆ ವೇಗದಲ್ಲಿ ತಡೆಯೆಷ್ಟು, ಉಳಿದ ವೇಗೋತ್ಕರ್ಷವೆಷ್ಟು ಎಂದು ಮತ್ತೆ ಲೆಕ್ಕ ಹಾಕಿ ಮುಂದಿನ 0.05 ಸೆಕೆಂಡಿಗೆ ಹೋಗುವುದು. ಹೀಗೆ ಸಾಗಿದರೆ 0.93, 1.23, 1.39, 1.46 ಎಂದು ವೇಗ ಏರುತ್ತಾ, ಏರಿಕೆ ಕುಗ್ಗುತ್ತಾ, ಕಾಲು ಸೆಕೆಂಡಿನಲ್ಲೇ ಕೊನೆಯ ವೇಗದ ಹತ್ತಿರ ಬರುತ್ತದೆ. ಕ್ಯಾಲ್ಕುಲೇಟರ್ ಹಿಡಿದು ಐದು ಸಾಲು ಬರೆದವರಿಗೆ ಡಿವಿ ಬೈ ಡಿಟಿ ಇರುವ ಸಮೀಕರಣ ಏನು ಹೇಳುತ್ತಿದೆ ಎಂಬುದು ಅರ್ಥವಾಗಿರುತ್ತದೆ. ಸೂತ್ರರೂಪದ ಉತ್ತರವನ್ನು ದ್ವಿತೀಯ ಪಿಯುಸಿಯಲ್ಲಿ ತೆಗೆದರೂ ನಷ್ಟವಿಲ್ಲ. ಅಂದಹಾಗೆ, ವಿಡಿಯೊವನ್ನು ನಿಧಾನವಾಗಿ ಓಡಿಸಿ ನೋಡಿದರೆ ನಾಲ್ಕರ ಗುಂಪು ಒಂದು ಕೂದಲೆಳೆಯಷ್ಟು ತಡವಾಗಿ ನೆಲ ಮುಟ್ಟಬೇಕು, ಏಕೆಂದರೆ ಹೆಚ್ಚಿನ ಕೊನೆಯ ವೇಗವನ್ನು ತಲುಪಲು ಅದಕ್ಕೆ ಹೆಚ್ಚು ಕಾಲ ಬೇಕು. ಇದನ್ನು ಇಂಥ ಲೆಕ್ಕದ ಪಟ್ಟಿಯಿಂದಲೇ ಮುಂಚಿತವಾಗಿ ಹೇಳಿ, ಆಮೇಲೆ ವಿಡಿಯೊದಲ್ಲಿ ಹುಡುಕುವ ಮಕ್ಕಳು ಪ್ರತಿ ಬ್ಯಾಚಿನಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ.

ಕೆಲಸ ಮತ್ತು ಶಕ್ತಿಯ ಪಾಠದಲ್ಲಿ ಸ್ಪ್ರಿಂಗ್‌ಗಿಂತ ಸಾಧಾರಣ ರಬ್ಬರ್ ಬ್ಯಾಂಡ್ ಹೆಚ್ಚು ಉಪಯುಕ್ತ. ಸ್ಪ್ರಿಂಗ್‌ನ ಗ್ರಾಫ್ ಸರಳರೇಖೆಯಾದ್ದರಿಂದ ತ್ರಿಕೋನದ ವಿಸ್ತೀರ್ಣ ತೆಗೆದು ಕೆಲಸ ಮುಗಿಸಿಬಿಡಬಹುದು. ರಬ್ಬರ್ ಬ್ಯಾಂಡಿಗೆ ಐವತ್ತು ಗ್ರಾಂ ತೂಕಗಳನ್ನು ಒಂದೊಂದಾಗಿ ಸೇರಿಸುತ್ತಾ, ಆಮೇಲೆ ಒಂದೊಂದಾಗಿ ತೆಗೆಯುತ್ತಾ ಹಿಗ್ಗಿದ ಉದ್ದವನ್ನು ಗುರುತಿಸಿದರೆ ಎರಡು ವಕ್ರರೇಖೆಗಳು ಸಿಗುತ್ತವೆ, ಅವು ಒಂದರ ಮೇಲೊಂದು ಕೂರುವುದಿಲ್ಲ. ಇಲ್ಲಿ ಯಾವ ಸೂತ್ರವೂ ಇಲ್ಲ. ಗ್ರಾಫ್ ಶೀಟಿನ ಚಿಕ್ಕ ಚೌಕಗಳನ್ನು ಎಣಿಸದೆ ಬೇರೆ ದಾರಿಯಿಲ್ಲ. ಇಂಟಿಗ್ರಲ್ ಎಂದರೆ ಚೌಕಗಳ ಮೊತ್ತ ಎಂಬುದು ಬೆರಳತುದಿಗೆ ಬಂದಿರುತ್ತದೆ, ಮತ್ತು ಎರಡು ರೇಖೆಗಳ ನಡುವಿನ ಚೌಕಗಳು ಶಾಖವಾಗಿ ಹೋದ ಶಕ್ತಿ ಎಂಬುದೂ ತಿಳಿಯುತ್ತದೆ.

ಆಂದೋಲನಗಳ ಅಧ್ಯಾಯ ಪುಸ್ತಕದಲ್ಲಿ ಉಷ್ಣಗತಿಶಾಸ್ತ್ರವೆಲ್ಲ ಮುಗಿದ ಮೇಲೆ ಬರುತ್ತದೆ. ಕಾಲೇಜಿನ ಕಿರುಪರೀಕ್ಷೆಗಳ ವೇಳಾಪಟ್ಟಿ ಅವಕಾಶ ಕೊಟ್ಟರೆ ಅದನ್ನು ಮೆಕ್ಯಾನಿಕ್ಸ್‌ನ ಜೊತೆಗೇ ಮುಗಿಸುವುದು ಒಳ್ಳೆಯದು. ಸರಳ ಲೋಲಕದ ಪ್ರಯೋಗವನ್ನು ಎಲ್ಲರೂ ಮಾಡಿಸುತ್ತಾರೆ, ಆದರೆ ಜಿ (ಗುರುತ್ವದ ವೇಗೋತ್ಕರ್ಷ) ಬೆಲೆ 9.8 ಬಂದೊಡನೆ ಮುಚ್ಚಿಡುತ್ತಾರೆ. ಒಂದು ಮೀಟರ್ ಲೋಲಕವನ್ನು ಮೂವತ್ತು ಡಿಗ್ರಿಯಿಂದ ಬಿಟ್ಟರೆ ಅವಧಿ ಶೇಕಡ 1.7ರಷ್ಟು ಹೆಚ್ಚುತ್ತದೆ, ಇಪ್ಪತ್ತು ಆಂದೋಲನಗಳಿಗೆ ಸುಮಾರು 0.7 ಸೆಕೆಂಡು, ಸಾಮಾನ್ಯ ಸ್ಟಾಪ್‌ವಾಚಿಗೂ ಸಿಕ್ಕಿಬೀಳುವಷ್ಟು. ಆಂದೋಲನ ಬೇಗ ಕುಗ್ಗದಂತೆ ಭಾರವಾದ ಗುಂಡನ್ನೇ ಬಳಸಬೇಕು. ಲೋಲಕದ ಸೂತ್ರ ತೆಗೆಯುವಾಗ ಕೋನ (ತೀಟಾ) ಚಿಕ್ಕದೆಂದು ಸೈನ್ ತೀಟಾ ಬದಲಿಗೆ ತೀಟಾ ಎಂದು ಬರೆದದ್ದರ ಬೆಲೆ ಎಷ್ಟು ಎಂಬುದು ಆಗ ಕಾಣುತ್ತದೆ.

ಸಮಯದ ಪ್ರಶ್ನೆಗೆ ಉತ್ತರ ಇಷ್ಟರಲ್ಲೇ ಬಂದಿದೆ. ವಾರಕ್ಕೆ ಒಂದು ಬ್ಯಾಚಿಗೆ ಎರಡು ಗಂಟೆಯ ಪ್ರಾಕ್ಟಿಕಲ್ಸ್ ಎಂಬ ಲೆಕ್ಕದಲ್ಲಿ ರೆಕಾರ್ಡಿನ ಯಾವ ಪ್ರಯೋಗವನ್ನೂ ಬಿಡಬೇಕಾಗಿಲ್ಲ. ವರ್ನಿಯರ್ ಕ್ಯಾಲಿಪರ್ಸ್‌ಗೆ ಒಂದು ವಾರ, ಸ್ಕ್ರೂಗೇಜಿಗೆ ಇನ್ನೊಂದು ವಾರ ಎಂದು ಮೀಸಲಿಡದೆ ಗೋಲಿಯ ವ್ಯಾಸವನ್ನು ಮೊದಲನೆಯದರಿಂದ, ಎಣ್ಣೆಯಲ್ಲಿ ಬೀಳುವ ಗುಂಡಿನ ವ್ಯಾಸವನ್ನು ಎರಡನೆಯದರಿಂದ ಅಳೆಸಿದರೆ ವಾರಗಳು ಉಳಿಯುತ್ತವೆ. ವಿಡಿಯೊಗೆ ಎಲ್ಲರ ಬಳಿ ಮೊಬೈಲ್ ಬೇಕಾಗಿಲ್ಲ, ಕಾಲೇಜಿನೊಳಗೆ ಮೊಬೈಲ್ ನಿಷೇಧವಿದ್ದರೆ ಉಪನ್ಯಾಸಕರ ಒಂದು ಫೋನಿನಿಂದ ತೆಗೆದ ವಿಡಿಯೊವನ್ನು ಪರದೆಯ ಮೇಲೆ ನಿಲ್ಲಿಸಿ ನಿಲ್ಲಿಸಿ ಓದಿಸಬಹುದು.

ಪೋಷಕರು ಕೇಳುವುದು ಬೇರೆ: "ಸಿಇಟಿಯಲ್ಲಿ, ನೀಟ್‌ನಲ್ಲಿ ಇದನ್ನೆಲ್ಲ ಕೇಳುತ್ತಾರಾ ಸರ್?" ಎಂಬತ್ತು ನಿಮಿಷದಲ್ಲಿ ಅರವತ್ತು ಪ್ರಶ್ನೆ ಬಿಡಿಸಬೇಕಾದ ಪರೀಕ್ಷೆಯಲ್ಲಿ ಕಾಗದದ ಬಟ್ಟಲು ಬರುವುದಿಲ್ಲ, ನಿಜ. ಸ್ಥಾನ ಮತ್ತು ಕಾಲದ ಗ್ರಾಫ್ ಕೊಟ್ಟು ವೇಗೋತ್ಕರ್ಷ ಎಲ್ಲಿ ಋಣಾತ್ಮಕ ಎಂದು ಕೇಳುವ ಪ್ರಶ್ನೆ ಬರುತ್ತದೆ, ಬಲದ ಗ್ರಾಫಿನ ಕೆಳಗಿನ ವಿಸ್ತೀರ್ಣ ಕೇಳುವ ಪ್ರಶ್ನೆ ಬರುತ್ತದೆ. ಅಂಥ ಗ್ರಾಫನ್ನು ಕೈಯಾರೆ ಎಳೆದವರು ಅದನ್ನು ಓದಲು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ.

ಕೊನೆಯದಾಗಿ, ಏನನ್ನು ಬಿಡಬೇಕು ಎಂಬುದು. ಅರ್ಧಗೋಳದ ದ್ರವ್ಯಕೇಂದ್ರ, ಶಂಕುವಿನ ಜಡತ್ವ ಭ್ರಾಮಕ ಮುಂತಾದ ಇಂಟಿಗ್ರೇಷನ್ ಕಸರತ್ತುಗಳನ್ನು ಪ್ರಥಮ ವರ್ಷದಲ್ಲಿ ನಾನು ಮಾಡಿಸುವುದಿಲ್ಲ. ತೆಳುವಾದ ಕಡ್ಡಿಯೊಂದನ್ನು ಮಾತ್ರ, ಮೊದಲು ಹತ್ತು ತುಂಡುಗಳೆಂದು ಎಣಿಸಿ ಕೂಡಿ, ಬಳಿಕ ನೂರು ತುಂಡುಗಳಾದರೆ ಉತ್ತರ ಎತ್ತ ಸಾಗುತ್ತದೆ ಎಂದು ನೋಡುತ್ತೇವೆ. ಉಳಿದವನ್ನು ಇಂಟಿಗ್ರಲ್ ಕಲಿತ ಮೇಲೆ ದ್ವಿತೀಯ ವರ್ಷದಲ್ಲಿ ಆಸಕ್ತರು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸುತ್ತಾರೆ.