ಅಂಕಗಳ ಉತಾರ: ಐಸ್ ಹಾಕಿ ಹುಡುಗರ ಮುನ್ನೋಟದ ಲೆಕ್ಕ, ಮೂರನೇ ತಿಂಗಳು

ಯುಗಾದಿಯ ಮರುದಿನ ತೆರೆದ ಹಾಳೆ ಇದು. ಕೆನಡಾದ ಕಿರಿಯರ ಲೀಗಿನಲ್ಲಿ ಆಡುವ ಹದಿನೇಳು, ಹದಿನೆಂಟರ ಹುಡುಗ ಮುಂದೆ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗಾದ ಎನ್‌ಎಚ್‌ಎಲ್‌ನಲ್ಲಿ ವೃತ್ತಿಪರನಾಗಿ ಎಷ್ಟು ಅಂಕ ಗಳಿಸಬಲ್ಲ ಎಂದು ಅವನ ಅಂಕಗಳಿಂದಲೇ ಅಂದಾಜು ಮಾಡಬೇಕು ಎಂಬುದು ಆಸೆ. ಐಸ್ ಹಾಕಿಯಲ್ಲಿ ಗೋಲು ಹೊಡೆದವನಿಗೆ ಒಂದು ಅಂಕ, ಅದಕ್ಕೆ ನೆರವಾದ ಇಬ್ಬರವರೆಗೆ ತಲಾ ಒಂದು. ಟೊರೊಂಟೊದಲ್ಲಿ ಸಂಜೆ ಏಳಕ್ಕೆ ಶುರುವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಗಿನ 5.30ಕ್ಕೆ ಸಿಗುತ್ತದೆ. ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಬೇಳೆ ಗಿರಣಿಗೆ ಲೆಕ್ಕ ಬರೆಯಲು ಹೊರಡುವ ಮೊದಲು ಒಂದು ಪಂದ್ಯ ಪೂರ್ತಿ ನೋಡುತ್ತೇನೆ. ನಾಲ್ಕು ಚಳಿಗಾಲ ಹೀಗೆಯೇ ಕಳೆದಿವೆ.

ಮೊದಲ ತಿಂಗಳ ಕೆಲಸ ಸುಲಭವಾಗಿತ್ತು. ಒಂದು ಲೀಗಿನ ಅಂಕವನ್ನು ಇನ್ನೊಂದು ಲೀಗಿನ ಅಂಕಕ್ಕೆ ಪರಿವರ್ತಿಸುವ ಗುಣಕ ಹುಡುಕುವುದು ಹಳೆಯ ವಿಧಾನ. ಎರಡೂ ಕಡೆ ಆಡಿದವರನ್ನು ಹಿಡಿದು, ಅಲ್ಲಿಯ ಸರಾಸರಿಗೆ ಇಲ್ಲಿಯ ಸರಾಸರಿ ಎಷ್ಟು ಪಾಲು ಎಂದು ನೋಡಬೇಕು. ನಮ್ಮ ಗಿರಣಿಯ ಮಾತಿನಲ್ಲಿ ಹೇಳುವುದಾದರೆ ಇದು ಉತಾರ: ಒಂದು ಕ್ವಿಂಟಲ್ ತೊಗರಿ ಒಡೆದರೆ ಎಷ್ಟು ಕಿಲೋ ಬೇಳೆ ಕೈಗೆ ಬರುತ್ತದೆ ಎಂಬ ಲೆಕ್ಕ.

ಕಾನರ್ ಮೆಕ್‌ಡೇವಿಡ್ 2014–15ರಲ್ಲಿ ಒಂಟಾರಿಯೋ ಹಾಕಿ ಲೀಗಿನ ಈರಿ ಆಟರ್ಸ್ ತಂಡಕ್ಕೆ 47 ಪಂದ್ಯಗಳಲ್ಲಿ 120 ಅಂಕ ಗಳಿಸಿದ್ದ, ಪಂದ್ಯಕ್ಕೆ 2.55. ಮರುವರ್ಷ ಎನ್‌ಎಚ್‌ಎಲ್‌ನ ಎಡ್ಮಂಟನ್ ತಂಡದಲ್ಲಿ 45 ಪಂದ್ಯ, 48 ಅಂಕ, ಪಂದ್ಯಕ್ಕೆ 1.07. ಉತಾರ 0.42. ಅದೇ ಲೀಗಿನ ಸಾರ್ನಿಯಾ ಸ್ಟಿಂಗ್ ತಂಡದಿಂದ 2012ರ ಡ್ರಾಫ್ಟ್‌ನಲ್ಲಿ (ಎನ್‌ಎಚ್‌ಎಲ್ ತಂಡಗಳು ವರ್ಷಕ್ಕೊಮ್ಮೆ ಕಿರಿಯರನ್ನು ಸರದಿಯಂತೆ ಆಯ್ದುಕೊಳ್ಳುವ ಕ್ರಮ) ಮೊದಲ ಆಯ್ಕೆಯಾಗಿ ಎಡ್ಮಂಟನ್‌ಗೇ ಬಂದವನು ನೈಲ್ ಯಾಕುಪೋವ್. ಕಿರಿಯರಲ್ಲಿ 42 ಪಂದ್ಯಕ್ಕೆ 69, ಎನ್‌ಎಚ್‌ಎಲ್‌ನ ಮೊದಲ ವರ್ಷ 48 ಪಂದ್ಯಕ್ಕೆ 31. ಉತಾರ 0.39. ಇಬ್ಬರೂ ಇಷ್ಟು ಹತ್ತಿರ ಬಂದಿದ್ದನ್ನು ಕಂಡು ಆ ರಾತ್ರಿ ಬಹಳ ಖುಷಿಯಾಗಿದ್ದೆ. ಮಾಳಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಲ್ಲು ಇನ್ನೂ ಬಿಸಿ ಉಗುಳುತ್ತಿರುವಾಗ, ಹನ್ನೆರಡರವರೆಗೆ ಸಾಲು ತುಂಬಿದೆ.

ಮರುದಿನ ಅವರ ಮುಂದಿನ ವರ್ಷಗಳನ್ನು ಸೇರಿಸಿದಾಗ ಲೆಕ್ಕ ಕುಸಿಯಿತು. ಮೆಕ್‌ಡೇವಿಡ್ ಎರಡನೇ ವರ್ಷವೇ 82 ಪಂದ್ಯಗಳಲ್ಲಿ 100 ಅಂಕ ಗಳಿಸಿದ. ಯಾಕುಪೋವ್ ಎರಡನೇ ವರ್ಷ 63 ಪಂದ್ಯಗಳಲ್ಲಿ 24ಕ್ಕೆ ಇಳಿದ. ಒಟ್ಟು 350 ಪಂದ್ಯಗಳಲ್ಲಿ 136 ಅಂಕ ಗಳಿಸಿ 2018ರಲ್ಲಿ ರಷ್ಯಾಕ್ಕೆ ಮರಳಿದ. ನನ್ನ ಗುಣಕ ಹೇಳಿದ್ದು ಮೊದಲ ವರ್ಷದ ಮಾತು ಮಾತ್ರ.

ಹಿಂದಿನ ಋತುಗಳನ್ನು ತೆಗೆದು ನೋಡಿದೆ. ಮೆಕ್‌ಡೇವಿಡ್ ಆಯ್ಕೆಗೆ ಹಿಂದಿನ ವರ್ಷ 56 ಪಂದ್ಯಗಳಲ್ಲಿ 99 ಗಳಿಸಿದ್ದ. ಅಂದರೆ 1.77ರಿಂದ 2.55ಕ್ಕೆ ಏರಿದ್ದ. ಯಾಕುಪೋವ್ 65 ಪಂದ್ಯಗಳಲ್ಲಿ 101 ಗಳಿಸಿದವನು, ಗಾಯದ ನಡುವೆ ಮರುವರ್ಷ 1.55ರಿಂದ 1.64ಕ್ಕೆ ಬಂದಿದ್ದ, ಅಷ್ಟೇ. ಆಯ್ಕೆಯ ದಿನ ಅವನ ವಯಸ್ಸು 18 ವರ್ಷ 8 ತಿಂಗಳು, ಮೆಕ್‌ಡೇವಿಡ್‌ನದು 18 ವರ್ಷ 5 ತಿಂಗಳು. ಇಬ್ಬರಿಂದ ನಿಯಮ ಕಟ್ಟಲಾಗದು, ಗೊತ್ತು. ಆದರೂ ಏರಿಕೆಗೆ ಒಂದು ಕಂಬಸಾಲು, ತಿಂಗಳುಗಳಲ್ಲಿ ವಯಸ್ಸಿಗೆ ಇನ್ನೊಂದು, ಅಂದೇ ಹಾಕಿದೆ.

ಆಮೇಲೆ ಕಾಡಿದವನು ಡಿಲನ್ ಸ್ಟ್ರೋಮ್. 2014–15ರಲ್ಲಿ ಆ ಲೀಗಿನ ಅತಿ ಹೆಚ್ಚು ಅಂಕ ಮೆಕ್‌ಡೇವಿಡ್‌ನದಲ್ಲ; ಅದೇ ಈರಿ ತಂಡದ ಸ್ಟ್ರೋಮ್‌ನದು, 68 ಪಂದ್ಯಗಳಲ್ಲಿ 129. ಅರಿಜೋನಾ ಅವನನ್ನು ಮೂರನೆಯವನಾಗಿ ಆಯ್ದುಕೊಂಡಿತು. 2016–17ರಲ್ಲಿ ಅವನಿಗೆ ಸಿಕ್ಕಿದ್ದು ಏಳು ಪಂದ್ಯ, ಒಂದು ಅಂಕ. ಮರುವರ್ಷ 21 ಪಂದ್ಯ, 9 ಅಂಕ. ನನ್ನ ಮೊದಲ ಹಾಳೆ ಅವನ ಮುಂದೆ ‘ವಿಫಲ’ ಎಂದು ಬರೆದಿತ್ತು. ಆದರೆ 2018ರ ನವೆಂಬರ್‌ನಲ್ಲಿ ಶಿಕಾಗೊಗೆ ಹೋದ ಮೇಲೆ ಉಳಿದ 58 ಪಂದ್ಯಗಳಲ್ಲಿ 51 ಅಂಕ ಗಳಿಸಿದ. ಲೆಕ್ಕ ಮುಚ್ಚುವ ಆತುರದಲ್ಲಿ ಒಬ್ಬ ಒಳ್ಳೆಯ ಆಟಗಾರನಿಗೆ ಅನ್ಯಾಯ ಮಾಡಿದ್ದೆ. ಈಗ ಆಯ್ಕೆಯಾದ ದಿನದಿಂದ ಏಳು ಋತು ಮುಗಿಯುವವರೆಗೆ ಯಾರ ಖಾತೆಯನ್ನೂ ಮುಚ್ಚುವುದಿಲ್ಲ.

ದೊಡ್ಡ ತಪ್ಪು ಗೊತ್ತಾಗಿದ್ದು ಗಿರಣಿಯಲ್ಲಿ. ನಮ್ಮಲ್ಲಿ ತೊಗರಿ ಖರೀದಿಸುವ ಹಿರಿಯರೊಬ್ಬರಿದ್ದಾರೆ. ಚೀಲದ ಮೇಲೆ, ನಡುವೆ, ತಳದಲ್ಲಿ ಚೂಪು ಕೊಳವೆ ಚುಚ್ಚಿ ಕಾಳು ಇಳಿಸಿಕೊಳ್ಳುತ್ತಾರೆ. ಅಂಗೈಯಲ್ಲಿ ಹರಡಿ, ಸುಕ್ಕಾದದ್ದನ್ನು ಹೆಬ್ಬೆರಳಿನಿಂದ ಬದಿಗೆ ಸರಿಸಿ, ಒಂದು ಕಾಳು ಹಲ್ಲಿಗೆ ಇಡುತ್ತಾರೆ. ‘ಟಕ್’ ಎಂದು ಒಡೆದರೆ ಒಣಗಿದೆ. ಮೆತ್ತಗೆ ಅದುಮಿಕೊಂಡರೆ ತಲೆಯಾಡಿಸಿ ಗಾಡಿ ತಿರುಗಿಸಲು ಹೇಳುತ್ತಾರೆ. ವರ್ಷದ ಉತಾರದ ಸರಾಸರಿ ತೆಗೆಯುತ್ತಿದ್ದವನಿಗೆ ಅಂದು ಹೊಳೆಯಿತು: ಬಾಗಿಲಲ್ಲೇ ತಿರುಗಿದ ಆ ರಾಶಿಗಳು ನನ್ನ ಪುಸ್ತಕದಲ್ಲಿ ಇಲ್ಲ. ನಮ್ಮ ಸರಾಸರಿ ಒಳಗೆ ಬಂದ ತೊಗರಿಯದು, ಜಿಲ್ಲೆಯ ತೊಗರಿಯದಲ್ಲ.

ಹಾಕಿಯ ಹಾಳೆಯಲ್ಲೂ ಇದೇ ಆಗಿತ್ತು. ಎನ್‌ಎಚ್‌ಎಲ್ ತಲುಪಿದವರನ್ನು ಮಾತ್ರ ಹುಡುಕಿ ಗುಣಕ ಕಟ್ಟಿದ್ದೆ. ಈಗ ಏಳು ಸುತ್ತುಗಳಲ್ಲಿ 32 ತಂಡಗಳು ವರ್ಷಕ್ಕೆ 224 ಹುಡುಗರನ್ನು ಆಯ್ದುಕೊಳ್ಳುತ್ತವೆ. ಅವರಲ್ಲಿ ಎಷ್ಟೋ ಜನ ಒಂದು ಪಂದ್ಯವನ್ನೂ ಆಡುವುದಿಲ್ಲ. ಆಯ್ಕೆಯೇ ಆಗದವರು ಇನ್ನೂ ಹೆಚ್ಚು. ಅವರನ್ನು ಬಿಟ್ಟು ತೆಗೆದ ಗುಣಕ ಪ್ರತಿ ಹುಡುಗನಿಗೂ ಹೆಚ್ಚು ಭರವಸೆ ಹಂಚುತ್ತದೆ.

ಹಾಗಾದರೆ ಬಾರದವನ ಮುಂದೆ ಏನು ಬರೆಯಬೇಕು? ಸೊನ್ನೆ ಹಾಕಿದರೆ ಅವನು ಆಡಿ ಏನೂ ಗಳಿಸಲಿಲ್ಲ ಎಂದಾಗುತ್ತದೆ, ಅದು ಸುಳ್ಳು. ಖಾಲಿ ಬಿಟ್ಟರೆ ಅವನು ಹುಟ್ಟಲೇ ಇಲ್ಲ ಎಂಬಂತಾಗುತ್ತದೆ. ಹತ್ತು ದಿನ ಇದರಲ್ಲೇ ಹೋಯಿತು. ಕೊನೆಗೆ ಪ್ರಶ್ನೆಯನ್ನೇ ಎರಡಾಗಿ ಒಡೆದೆ. ಏಳು ಋತುಗಳೊಳಗೆ 200 ಪಂದ್ಯ ಆಡುವ ಸಂಭವ ಎಷ್ಟು? ಇದಕ್ಕೆ ಲಾಜಿಸ್ಟಿಕ್ ರಿಗ್ರೆಷನ್ (ಆಗುತ್ತದೋ ಇಲ್ಲವೋ ಎಂಬುದರ ಸಂಭವ ಅಂದಾಜಿಸುವ ಸಂಖ್ಯಾಶಾಸ್ತ್ರದ ವಿಧಾನ), ಮತ್ತು ಇದರಲ್ಲಿ ಬಾರದವರೆಲ್ಲರೂ ಇರುತ್ತಾರೆ. ಆಡಿದರೆ ಪಂದ್ಯಕ್ಕೆ ಎಷ್ಟು ಅಂಕ? ಇದಕ್ಕೆ ಹಳೆಯ ಉತಾರ, ಏರಿಕೆ ಮತ್ತು ವಯಸ್ಸಿನ ತಿದ್ದುಪಡಿಯೊಂದಿಗೆ. ಉತ್ತರವನ್ನು ಒಂದೇ ಸಂಖ್ಯೆಯಾಗಿ ಕೊಡುವುದನ್ನು ನಿಲ್ಲಿಸಿದ್ದೇನೆ. ಕೆಳಗಿನ ಮಿತಿ, ಮೇಲಿನ ಮಿತಿ ಎರಡೂ ಬರೆಯುತ್ತೇನೆ.

ರಕ್ಷಣಾ ಆಟಗಾರರನ್ನೂ ಗೋಲ್‌ಕೀಪರ್‌ಗಳನ್ನೂ ಸದ್ಯ ಮುಟ್ಟಿಲ್ಲ. ಅಂಕಗಳಿಂದ ಅವರನ್ನು ಅಳೆಯುವುದು ಸರಿಯಲ್ಲ.

2010ರಿಂದ 2015ರವರೆಗೆ ಆಯ್ಕೆಯಾದ ಒಂಟಾರಿಯೋ ಲೀಗಿನ ಮುಂಚೂಣಿ (ದಾಳಿ) ಆಟಗಾರರು ಈಗ ಹಾಳೆಯಲ್ಲಿದ್ದಾರೆ, ಆಡಿದವರೂ ಆಡದವರೂ. 2016 ಮತ್ತು 2017ರವರ ಕಿರಿಯರ ಅಂಕಗಳನ್ನು ಮಾತ್ರ ಇನ್ನೊಂದು ಕಡತಕ್ಕೆ ಇಳಿಸಿ, ಹೆಸರಿನ ಬದಲು ಕ್ರಮಸಂಖ್ಯೆ ಹಾಕಿದ್ದೇನೆ. ಹೆಸರುಗಳ ಪಟ್ಟಿ ತಮ್ಮನ ಬಳಿ ಇದೆ. ಪ್ರತಿಯೊಬ್ಬರ ಮುಂದೆಯೂ ಎರಡು ಉತ್ತರ ಬರೆದು ಮುಗಿಸಿದ ಮೇಲೆಯೇ ಅದನ್ನು ಕೇಳುತ್ತೇನೆ. ನಿನ್ನೆ ರಾತ್ರಿಗೆ ಹನ್ನೊಂದು ಸಾಲು ಮುಗಿದಿದೆ.