ಯಾದವಗಿರಿಯ ಯೆಜ್ಡಿಯಲ್ಲಿ ಚಾರ್ಮಾಡಿಗೆ

ಬೆಳಗಿನ ಐದೂವರೆಗೆ ನಮ್ಮ ಬೀದಿಯಲ್ಲಿ ಯೆಜ್ಡಿ ಬೈಕು ಚಾಲೂ ಮಾಡಿದರೆ ನೆರೆಹೊರೆಯವರು ಸಂಜೆಯವರೆಗೂ ಮುಖ ಕೊಟ್ಟು ಮಾತನಾಡುವುದಿಲ್ಲ. ಹಾಗಾಗಿ ಮುಖ್ಯರಸ್ತೆಯವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಕಿಕ್ ಹೊಡೆದೆ. ಮೂರನೆಯ ಒದೆತಕ್ಕೆ ಎದ್ದಿತು. ಎರಡು ಸೈಲೆನ್ಸರ್‌ಗಳಿಂದಲೂ ಹೊಗೆ ಸುರುಳಿ ಸುರುಳಿಯಾಗಿ ಬಂದು, ಹಾಲು ಹಾಕುವವನು ಸೈಕಲ್ಲಿನಿಂದ ಇಳಿದು ಮೂಗು ಮುಚ್ಚಿಕೊಂಡ. ಗಾಡಿ 1982ರದು. ಸೋದರಮಾವ ಕೊಂಡದ್ದು, ಅವರ ಮಂಡಿ ಕಿಕ್ ಹೊಡೆಯಲು ಒಪ್ಪದ ಮೇಲೆ ನನ್ನ ಪಾಲಿಗೆ ಬಂದದ್ದು.

ಸ್ವಲ್ಪ ಸುತ್ತಾದರೂ ಮೈಸೂರಿನ ಯಾದವಗಿರಿಯ ಮೇಲೆಯೇ ಹೊರಟೆ. ದೂರದ ಪ್ರಯಾಣಕ್ಕೆ ಮುನ್ನ ಗಾಡಿಗೆ ತವರುಮನೆಯ ಕಡೆ ಮುಖ ತೋರಿಸಬೇಕೆಂಬುದು ಮಾವನ ಕಾಲದಿಂದಲೂ ನಡೆದುಬಂದ ಹುಚ್ಚು. ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಇಲ್ಲಿಯೇ. ಇರಾನಿ ಕುಟುಂಬದವರು 1960ರ ಸುಮಾರಿಗೆ ಜೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಪರವಾನಗಿ ಪಡೆದು ಇಲ್ಲಿ ತಯಾರಿಸತೊಡಗಿದರು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. 1996ರಲ್ಲಿ ಬಾಗಿಲು ಮುಚ್ಚಿತು. ಜುಲೈ ತಿಂಗಳ ಎರಡನೆಯ ಭಾನುವಾರ ಈ ಗಾಡಿಗಳ ಅಭಿಮಾನಿಗಳು ಜಾವಾ ದಿನ ಆಚರಿಸುತ್ತಾರೆ. ಅಂದು ಮೈಸೂರಿನ ರಸ್ತೆಗೆ ಇಳಿಯುವ ಗಾಡಿಗಳನ್ನು ನೋಡಿದರೆ ಕಾರ್ಖಾನೆ ಮುಚ್ಚಿದ ಸುದ್ದಿ ಇವರಿಗೆ ಇನ್ನೂ ತಲುಪಿಲ್ಲವೇನೋ ಅನ್ನಿಸುತ್ತದೆ.

ಹುಣಸೂರು ರಸ್ತೆಯ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ಲನ್ನು ಪೆಟ್ರೋಲಿನಲ್ಲೇ ಬೆರೆಸಬೇಕು. ನಾನು ಲೀಟರಿಗೆ 40 ಮಿ.ಲೀ. ಲೆಕ್ಕದಲ್ಲಿ ಅಳೆದು ಟ್ಯಾಂಕಿಗೆ ಸುರಿಯುತ್ತಿದ್ದರೆ ಬಂಕಿನ ಹುಡುಗ ಗಾಬರಿಯಿಂದ, "ಅಣ್ಣಾ, ಅದು ಪೆಟ್ರೋಲ್ ಟ್ಯಾಂಕು!" ಎಂದ. ಅವನು ಹುಟ್ಟುವ ಹೊತ್ತಿಗೆ ಕಾರ್ಖಾನೆಯೇ ಇರಲಿಲ್ಲ, ಅವನದೇನು ತಪ್ಪು.

ಬಿಳಿಕೆರೆಯಲ್ಲಿ ಬಲಕ್ಕೆ ತಿರುಗಿ, ಕೆ.ಆರ್. ನಗರ, ಭೇರ್ಯ. ಗದ್ದೆಗಳ ಮೇಲೆ ಮಂಜು ಇನ್ನೂ ಕುಳಿತಿತ್ತು. ದೊಡ್ಡ ಬೈಕುಗಳ ತಂಡವೊಂದು ಹಿಂದಿನಿಂದ ಬಂದು ನನ್ನನ್ನು ದಾಟಿತು. ಮೈತುಂಬ ಕವಚ, ಹೆಲ್ಮೆಟ್ಟಿನ ನೆತ್ತಿಗೆ ಕ್ಯಾಮೆರಾ. ಹನ್ನೊಂದು ಜನರಲ್ಲಿ ಒಬ್ಬನೂ ಪಕ್ಕದ ಗದ್ದೆಯತ್ತ ತಿರುಗಲಿಲ್ಲ. ಪ್ರಾಯಶಃ ಕ್ಯಾಮೆರಾ ನೋಡಿಕೊಳ್ಳುತ್ತದೆ ಎಂಬ ಭರವಸೆ. ಆದರೆ ಕೊನೆಯವನು ಎಡಗೈ ಕೆಳಗಿಳಿಸಿ ಎರಡು ಬೆರಳು ತೋರಿಸಿದ. ಅದು ಸವಾರರ ನಮಸ್ಕಾರ. ನನ್ನ ಕೊಂಕೆಲ್ಲ ಅಷ್ಟಕ್ಕೇ ಕರಗಿತು.

ಮೈಸೂರು ಬಿಟ್ಟು ಇಷ್ಟು ದೂರ ಬಂದವನಿಗೆ ಹಳ್ಳಿ ಮೈಸೂರು ಎಂಬ ಊರು ಎದುರಾಗುತ್ತದೆ. ಅದನ್ನು ದಾಟಿ ಸ್ವಲ್ಪ ಮುಂದೆ, ಕುರಿ ಹಿಂಡಿಗೆ ದಾರಿ ಬಿಡಲೆಂದು ಕ್ಲಚ್ ಹಿಡಿದೆ. ಹಿಡಿ ಸಲೀಸಾಗಿ ಒಳಕ್ಕೆ ಬಂದುಬಿಟ್ಟಿತು. ಕೇಬಲ್ ತುಂಡಾಗಿತ್ತು. ಎಂಜಿನ್ ಗಕ್ಕೆಂದು ನಿಂತಿತು. ಪ್ಲಗ್ಗು, ಪ್ಲಗ್ ಸ್ಪ್ಯಾನರು, ಎಮರಿ ಕಾಗದ ಎಲ್ಲ ಚೀಲದಲ್ಲಿದ್ದವು. ಕೇಬಲ್ ಮಾತ್ರ ಮನೆಯ ಮೊಳೆಗೆ ನೇತಾಡುತ್ತಿತ್ತು.

ಕುರಿ ಕಾಯುತ್ತಿದ್ದ ಹಿರಿಯರು ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. "ಯೆಜ್ಡಿಯಲ್ಲವೇನಪ್ಪ? ನಮ್ಮ ಹಾಲಿನ ಡೇರಿ ಕಾರ್ಯದರ್ಶಿ ಇಟ್ಟಿದ್ದರು. ಅವರು ಕೈಯಲ್ಲಿ ಕ್ಲಚ್ಚೇ ಹಿಡಿಯುತ್ತಿರಲಿಲ್ಲ. ಕಾಲಲ್ಲೇ ಎಲ್ಲ!"

ತಲೆಗೆ ಮೊಟಕಿದ ಹಾಗಾಯಿತು. ಈ ಗಾಡಿಯ ವಿದ್ಯೆಯೇ ಅದು. ಎಡಗಡೆ ಇರುವುದು ಒಂದೇ ಲಿವರು. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ತನ್ನ ಜಾಗಕ್ಕೆ ಮರಳಿದರೆ ಗೇರು. ಆ ಗೇರನ್ನು ಕಾಲಿನಿಂದ ಒತ್ತುವಾಗ ಒಳಗಿನ ಕ್ಲಚ್ ತಾನಾಗಿ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಒಂದನೆಯ ಗೇರಿಗೆ ಒತ್ತಿ ಹಿಡಿದು, ರೇಸ್ ಕೊಡುತ್ತ, ಪಾದವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಸಡಿಲಿಸಿದರೆ ಗಾಡಿ ಹೊರಡಬೇಕು. ಪುಸ್ತಕದ ಮಾತಿನಂತೆ ಗೊತ್ತಿತ್ತು, ಎಂದೂ ಮಾಡಿರಲಿಲ್ಲ. ಮೊದಲ ಸಲ ಕಪ್ಪೆಯಂತೆ ಕುಪ್ಪಳಿಸಿ ನಿಂತಿತು. ಎರಡನೆಯ ಸಲವೂ ಅಷ್ಟೆ, ಕುರಿಗಳು ಚೆಲ್ಲಾಪಿಲ್ಲಿಯಾದವು. ಮೂರನೆಯ ಸಲ ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ಒತ್ತಿ ನೋಡಿದೆ. ಲಿವರಿನ ನಡುಕ ಅಂಗಾಲಿಗೆ ನೇರವಾಗಿ ತಿಳಿಯಿತು, ಕ್ಲಚ್ ಪ್ಲೇಟುಗಳು ಕಚ್ಚಿಕೊಳ್ಳುವ ಕ್ಷಣ ಯಾವುದೆಂದೂ ತಿಳಿಯಿತು. ಗಾಡಿ ಮೆಲ್ಲಗೆ ಜಾರಿ ಹೊರಟಿತು. ಹಿರಿಯರು ಹಿಂದಿನಿಂದ, "ನಿಲ್ಲಿಸಬೇಡ, ಹೋಗು!" ಎಂದು ಕೂಗಿದರು. ಚಪ್ಪಲಿ ಅಲ್ಲಿಯೇ ಉಳಿದುಹೋಯಿತು.

ಹೊಳೆನರಸೀಪುರದ ಪೇಟೆಯಲ್ಲೂ ನಿಲ್ಲಲಿಲ್ಲ. ಹಾಸನದವರೆಗೆ ಬರಿಗಾಲು. ಅಲ್ಲಿ ಹಳೆಯ ಗಾಡಿಗಳ ಮೆಕ್ಯಾನಿಕ್ ಒಬ್ಬರು ಬೇರೆ ಯಾವುದೋ ಬೈಕಿನ ಕೇಬಲ್ ಕತ್ತರಿಸಿ, ತುದಿಗೆ ಹಿತ್ತಾಳೆಯ ಗುಂಡು ಬೆಸೆದು ಹಾಕಿಕೊಟ್ಟರು. ಚಪ್ಪಲಿ ಕೊಂಡಿದ್ದಕ್ಕೆ ಅದಕ್ಕಿಂತ ಹೆಚ್ಚು ಖರ್ಚಾಯಿತು.

ಬೇಲೂರು, ಮೂಡಿಗೆರೆ ಕಳೆದು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಎದ್ದಾಗ ಹೊತ್ತು ಇಳಿಯುತ್ತಿತ್ತು. ಇಲ್ಲಿಂದ ಮುಂದೆ ಚಾರ್ಮಾಡಿ ಘಾಟಿ. ಜನ ಹತ್ತುವುದಕ್ಕೆ ಹೆದರುತ್ತಾರೆ, ನಮ್ಮ ಗಾಡಿಗೆ ಕಷ್ಟ ಇಳಿಯುವುದರಲ್ಲಿ. ಆಯಿಲ್ ಬರುವುದು ಪೆಟ್ರೋಲಿನ ಜೊತೆಗೆ; ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಉದ್ದಕ್ಕೂ ಇಳಿದರೆ ಪಿಸ್ಟನ್ನಿಗೆ ಎಣ್ಣೆಯೇ ಸಿಗದೆ ಸಿಲಿಂಡರಿನಲ್ಲಿ ಕಚ್ಚಿಕೊಳ್ಳಬಹುದು. ಹಾಗಾಗಿ ನಾಲ್ಕು ತಿರುವಿಗೊಮ್ಮೆ, ಇಳಿಜಾರಿನಲ್ಲೂ, ಕ್ಲಚ್ ಹಿಡಿದು ಒಂದಿಷ್ಟು ರೇಸ್ ಕೊಡಬೇಕು. ಹಿಂದಿದ್ದ ಕಾರಿನವನಿಗೆ ನಾನು ಮೋಜಿಗೆ ಸದ್ದು ಮಾಡುತ್ತಿದ್ದೇನೆ ಎನ್ನಿಸಿರಬೇಕು. ಹಾರ್ನ್ ಹೊಡೆದು ಗುರಾಯಿಸಿಕೊಂಡು ಹೋದ. ಅವನಿಗೆ ಪಿಸ್ಟನ್ ಪುರಾಣ ಹೇಳುವುದೆಲ್ಲಿ? ಒಂದು ಬದಿಗೆ ಬಂಡೆಯಿಂದ ಸಣ್ಣ ಸಣ್ಣ ನೀರು, ಇನ್ನೊಂದು ಬದಿಗೆ ಕಣಿವೆಯೆಲ್ಲ ಮೋಡ. ಮೋಡದೊಳಗೆ ಹೊಕ್ಕಾಗ ಕನ್ನಡಕ ಒದ್ದೆಯಾಗಿ, ಮುಂದಿನ ಬಸ್ಸಿನ ಕೆಂಪು ದೀಪವೊಂದೇ ದಾರಿ ತೋರಿಸಿತು.

ಅಣ್ಣಪ್ಪಸ್ವಾಮಿಯ ಗುಡಿಯ ಬಳಿ ಲಾರಿಗಳ ಹಿಂದೆ ನಾನೂ ನಿಲ್ಲಿಸಿದೆ. ಎಂಜಿನ್ ಆರಿದ ಮೇಲೆ ಅದರ ಕಬ್ಬಿಣ ತಣಿಯುವ ಟಿಕ್ ಟಿಕ್ ಕೇಳಿಸಿತು. ಲಾರಿ ಚಾಲಕರೊಬ್ಬರು ಕಾಯಿ ಒಡೆದು ಬಂದು ನನ್ನ ಅಂಗೈಗೂ ಒಂದು ಚೂರು ಇಟ್ಟರು.

ಉಜಿರೆ ತಲುಪಿ ಮಾವನಿಗೆ ಫೋನ್ ಮಾಡಿದೆ. ಕೇಬಲ್ ತುಂಡಾದದ್ದು, ಬರಿಗಾಲಲ್ಲಿ ಓಡಿಸಿದ್ದು, ಮೋಡ, ಕಾಯಿಚೂರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಮಾವ ಪೂರ್ತಿ ಕೇಳಿಸಿಕೊಂಡು, "ಹೊಗೆ ಹೇಗಿತ್ತು?" ಎಂದರು.

"ಬೆಳಿಗ್ಗೆ ಸ್ವಲ್ಪ ಜಾಸ್ತಿಯಿತ್ತು ಮಾವ."

"ನಲವತ್ತು ಹಾಕಿರುತ್ತೀಯ. ಮೂವತ್ತೈದು ಸಾಕು ಎಂದು ಎಷ್ಟು ಸಲ ಹೇಳಬೇಕು ನಿನಗೆ?"